ನಿಲ್ದಾಣ ಮ್ಯೂಸಿಯಂ ಆಗಲಿ, ಕಲ್ಲುಗಳು ಇದ್ದಲ್ಲೇ ಇರಲಿ

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್ ನಿಲ್ದಾಣವನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಜೀರ್ಣೋದ್ಧಾರ ಮಾಡಿದೆ. 1915ರ ಸುಮಾರಿಗೆ ಲೈಟ್ ರೈಲ್ವೆಗೆಂದು ಕಟ್ಟಿದ ಪುಟ್ಟ ಕಟ್ಟಡ ಬಿದ್ದುಹೋಗದೆ ಉಳಿದದ್ದು ಸಂತೋಷವೇ. ಇಂಥ ಕಟ್ಟಡ ಕಂಡ ಕೂಡಲೇ "ಇಲ್ಲೊಂದು ಮ್ಯೂಸಿಯಂ ಮಾಡ್ಬೇಕು, ಸುತ್ತಲಿನ ಶಾಸನಗಳನ್ನೆಲ್ಲ ತಂದಿಡ್ಬೇಕು" ಅನ್ನೋ ಮಾತು ಬರುತ್ತೆ. ಮೊದಲರ್ಧಕ್ಕೆ ನನ್ನ ಒಪ್ಪಿಗೆ ಇದೆ, ಎರಡನೆಯದಕ್ಕೆ ಇಲ್ಲ.

ಮ್ಯೂಸಿಯಂ ಯಾಕೆ ಬೇಕು? ನಿಲ್ದಾಣದಲ್ಲಿ ಬರೀ ಲಾಂದ್ರ, ಟಿಕೆಟ್ಟು, ಸಿಗ್ನಲ್ ದೀಪ ಇಟ್ಟರೆ ಊರಿನ ಚರಿತ್ರೆ 1915ಕ್ಕೆ ಶುರುವಾದಂತೆ ಕಾಣುತ್ತದೆ. ಆದರೆ ನಂದಿಯ ಭೋಗನಂದೀಶ್ವರ ದೇವಾಲಯದ ಉಲ್ಲೇಖ ಕ್ರಿ.ಶ. 9ನೇ ಶತಮಾನದ ಆರಂಭದ ದಾಖಲೆಗಳಲ್ಲೇ ಇದೆ. ಆ ಸಾವಿರದ ನೂರು ವರ್ಷ ಎಲ್ಲಿ ಹೋಯ್ತು?

ಇನ್ನು ಕಲ್ಲು ಸಾಗಿಸೋ ವಿಚಾರ. ದಾನಶಾಸನ ಕೆರೆ, ತೂಬು, ಗದ್ದೆ, ಎಲ್ಲೆಗಳ ಮಾತಾಡುತ್ತದೆ. ಅದು ನಿಂತ ಜಾಗವೇ ಅದರ ಅರ್ಧ ಪಾಠ. ಕಲ್ಲನ್ನು ನಿಲ್ದಾಣದ ಅಂಗಳಕ್ಕೆ ತಂದು ಸಾಲಾಗಿ ನಿಲ್ಲಿಸಿದರೆ ಅಕ್ಷರ ಉಳಿಯುತ್ತೆ, ಎಲ್ಲೆ ಅಳಿಸುತ್ತೆ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲಿಗೆ ಆ ಊರಲ್ಲೇ ಮಂಟಪ ಕಟ್ಟಿದರಲ್ಲ, ಆ ದಾರಿ ಸರಿ. ಜಾಗವೇ ಅಪಾಯದಲ್ಲಿದ್ದಾಗ ಸ್ಥಳಾಂತರ ಅನಿವಾರ್ಯ. ಆಗಲೂ ಮೊದಲು ಮೂಲ ಸ್ಥಳದ ಅಳತೆ, ಮುಖ ಮಾಡಿದ ದಿಕ್ಕು, ಫೋಟೋ ದಾಖಲಾಗಬೇಕು.

ಹಾಗಾದರೆ ಒಳಗೆ ಏನಿಡೋದು? ಪಡಿಯಚ್ಚು, ಇಂದಿನ ಕನ್ನಡದಲ್ಲಿ ಪಾಠ, ಒಂದು ದೊಡ್ಡ ನಕ್ಷೆ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಅಂಥ ಸ್ಕ್ಯಾನಿನಿಂದ ಪ್ರತಿಕೃತಿ ಮಾಡಿದರೆ ಮಕ್ಕಳು ಅಕ್ಷರವನ್ನು ಮುಟ್ಟಿಯೂ ನೋಡಬಹುದು.

ಈ ರೈಲು ಮಾರ್ಗಕ್ಕೆ ಇನ್ನೊಂದು ಅನುಕೂಲ ಇದೆ. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ದೇವನಹಳ್ಳಿ ತಾಲ್ಲೂಕಿನ ಶಾಸನಗಳು 9ರಲ್ಲಿವೆ, ಚಿಕ್ಕಬಳ್ಳಾಪುರದವು 10ರಲ್ಲಿ. ಅಂದಿನ ಜಿಲ್ಲೆಗಳ ಗಡಿ ಪುಸ್ತಕವನ್ನೂ ಸೀಳಿತು. ರೈಲು ಎರಡನ್ನೂ ಹಾದುಹೋಗುತ್ತೆ. ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಅಂತ ನಿಲ್ದಾಣದ ಕ್ರಮದಲ್ಲೇ ನಕ್ಷೆ ಬರೆದರೆ, ಎರಡು ಸಂಪುಟಗಳಲ್ಲಿ ಹಂಚಿಹೋದ ಶಾಸನಗಳು ಒಂದೇ ಗೋಡೆಯ ಮೇಲೆ ಒಟ್ಟಿಗೆ ಸಿಗುತ್ತವೆ.

ಇಂಥ ಮ್ಯೂಸಿಯಂ ಗೆದ್ದಿತೋ ಇಲ್ಲವೋ ತಿಳಿಯೋಕೆ ಎಷ್ಟು ಜನ ಒಳಗೆ ಬಂದರು ಅಂತ ಎಣಿಸಿದರೆ ಸಾಲದು. ನಕ್ಷೆ ನೋಡಿ ಎಷ್ಟು ಜನ ಊರೊಳಗಿನ ಕಲ್ಲು ಹುಡುಕಿಕೊಂಡು ಹೋದರು ಅನ್ನೋದನ್ನೂ ಕೇಳಬೇಕು.