ನೆರಳಿಲ್ಲದ ಹೊತ್ತಿನ ಚಿತ್ರಗಳು

ಮಕ್ಕಳ ಪ್ರಬಂಧಗಳಿಗೆ ಕೆಂಪು ಶಾಯಿ ಹಾಕುವುದು ನನ್ನ ಇಪ್ಪತ್ತೆಂಟು ವರ್ಷದ ಕಸುಬು. ಈಗ ನಾನೇ ತೆಗೆದ ಹದಿನಾಲ್ಕು ಫೋಟೋಗಳಿಗೆ ಅದೇ ಶಾಯಿ ಹಿಡಿದು ಕೂತಿದ್ದೇನೆ.

ಏಪ್ರಿಲ್ ಕೊನೆಯ ವಾರ. ಬೂವನಹಳ್ಳಿಯಲ್ಲಿ ಅವ್ವನ ತಿಥಿ ಮುಗಿದ ಮಾರನೆಯ ದಿನ. ಪಾತ್ರೆಪಡಗ ಹಂಚಿಹೋಗುವ ಮುಂಚೆ ಎಲ್ಲವನ್ನೂ ಒಮ್ಮೆ ಚಿತ್ರದಲ್ಲಿ ಹಿಡಿದಿಡೋಣವೆಂದು ಮಗನ ಕ್ಯಾಮರಾ ತಂದಿದ್ದೆ. “ಫೋಟೋ ಯಾಕವ್ವ, ಬೇಕಾದ್ದ ತಗಂಡೋಗು” ಎಂದ ಅಣ್ಣ. ನಾನು ಕೇಳಲಿಲ್ಲ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಮೊರ, ಹಿಟ್ಟಿನ ಕೋಲು ಎಲ್ಲವನ್ನೂ ಹಿತ್ತಿಲಿಗೆ ಹೊತ್ತು ತಂದು, ಒರಳುಕಲ್ಲಿನ ಪಕ್ಕ ಸಾಲಾಗಿ ಇಟ್ಟೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಮಕ್ಕಳನ್ನು ನಿಲ್ಲಿಸುತ್ತೇವಲ್ಲ, ಹಾಗೆ. ಹೊತ್ತು ನಡುಮಧ್ಯಾಹ್ನ.

ಸಮಾಜ ಪಾಠ ಹೇಳುವವಳಿಗೆ ಇದು ತಿಳಿಯಬೇಕಿತ್ತು. ಹಾಸನ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ನೆರಳಿಲ್ಲದೆ ವಸ್ತುವಿಗೆ ಮೈಯೆಲ್ಲಿ? ಕೊಳಗ ತಟ್ಟೆಯಂತೆ ಚಪ್ಪಟೆಯಾಗಿದೆ, ಹಂಡೆಯ ಹೆಗಲ ಮೇಲೆ ಬೆಳಕು ಸುಣ್ಣದ ಉಂಡೆಯಂತೆ ಕೂತಿದೆ. ಹಿಂದೆ ಹಗ್ಗದ ಮೇಲೆ ಅಣ್ಣನ ಟವೆಲ್. ನೋಡುವ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಒರಳಿನ ಚಿತ್ರ ಇನ್ನೂ ಕೆಟ್ಟದ್ದು. ಕ್ಯಾಮರಾದ ಬೆಳಕಿನ ಮಾಪಕಕ್ಕೆ ಕರಿದು ಬಿಳಿದು ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುಬೂದು ಎಂದು ನಂಬಿ ಅಳೆಯುತ್ತದೆ. ಕರಿಕಲ್ಲು ಚೌಕಟ್ಟು ತುಂಬಿದರೆ ಬೆಳಕು ಸಾಲದೆಂದುಕೊಂಡು ಹೆಚ್ಚಾಗಿ ಒಳಬಿಡುತ್ತದೆ. ಅವ್ವನ ಒರಳು ಬೂದಿ ಬಳಿದ ಕಲ್ಲಾಗಿದೆ. ಅಕ್ಕಿ ಹರವಿದ ಮೊರದ್ದು ಇದರ ತಿರುಗುಮುರುಗು: ಅಕ್ಕಿ ಮಂಕಾಗಿ, ಹಳೇ ರೇಷನ್ನಿನದರಂತೆ ಕಾಣುತ್ತದೆ. ಕಲ್ಲಿಗೆ ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸಿ, ಅಕ್ಕಿಗೆ ಒಂದು ಮೆಟ್ಟಿಲು ಏರಿಸಬೇಕಿತ್ತು.

ಅಂದು ರಾತ್ರಿ ನೆನಪಾದದ್ದು ಟಾಲ್ಬಟ್. ಇಂಗ್ಲೆಂಡಿನ ಈತ 1844ರಲ್ಲಿ ತೆಗೆದ ‘ತೆರೆದ ಬಾಗಿಲು’ ಚಿತ್ರದಲ್ಲಿ ಇರುವುದು ಬಾಗಿಲಿಗೆ ಒರಗಿಸಿದ ಒಂದು ಕಸಬರಿಗೆ, ಪಕ್ಕಕ್ಕೆ ತೂಗುಹಾಕಿದ ಲಾಟೀನು, ಇಂಥವೇ. ಕಸಬರಿಗೆಯ ಓರೆಗೂ ಬಾಗಿಲ ಮೇಲೆ ಬಿದ್ದ ನೆರಳಿನ ಓರೆಗೂ ಹೊಂದಿಕೆಯಿದೆ. ಹತ್ತು ವರ್ಷ ಕಳೆದು, 1854ರ ಡಿಸೆಂಬರಿನಲ್ಲಿ, ಲಿನೇಯಸ್ ಟ್ರೈಪ್ ಎಂಬ ಕಂಪನಿ ಸೈನ್ಯದ ಅಧಿಕಾರಿ ನಮ್ಮ ಹಳೇಬೀಡು ಬೇಲೂರುಗಳಿಗೇ ಬಂದು, ಕಾಗದದ ನೆಗೆಟಿವ್ ಮೇಲೆ ಹೊಯ್ಸಳರ ಕಲ್ಲುಗಳನ್ನು ಹಿಡಿದ. ಓಡುವುದನ್ನು ಹಿಡಿಯಲಾಗದ ಕಾಲವದು. ಕೂತಿದ್ದನ್ನೇ ಕಾದು ನೋಡಬೇಕಿತ್ತು. ನನಗೆ ಆ ಕಾಯುವಿಕೆಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದು ಹೋದೆ. ಬಿಸಿಲು ಓರೆಯಾಗಿತ್ತು. ಹಂಡೆಯನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿ, ಹೊಂಗೆ ಮರದ ನೆರಳಿಗೆ ಸರಿಸಿ ತೆಗೆದೆ. ಬೆಳಕು ಸರಿ, ಚೌಕಟ್ಟು ಸರಿ, ಹಿನ್ನೆಲೆ ಚೊಕ್ಕಟ. ಆದರೂ ಅದಕ್ಕೆ ನಾನು ಹತ್ತಕ್ಕೆ ನಾಲ್ಕೇ ಕೊಡುವುದು. ಅವ್ವನ ಹಂಡೆಯ ತಳದಲ್ಲಿ ಮಸಿಯಿಲ್ಲದ್ದನ್ನು ನಾನು ಕಂಡದ್ದೇ ಇಲ್ಲ. ಇದು ಪಾತ್ರೆ ಅಂಗಡಿಯವರ ಕ್ಯಾಲೆಂಡರಿನ ಹಂಡೆ. ಕೊಳಗಕ್ಕೆ ಕಣಗಿಲೆ ಸಿಕ್ಕಿಸಿದ್ದಂತೂ ಕ್ಷಮಿಸಲಾಗದ ಅಲಂಕಾರ. ಅದರಲ್ಲಿ ರಾಗಿ ಬಿಟ್ಟು ಬೇರೆ ಬಿದ್ದದ್ದಿಲ್ಲ.

ಕೊನೆಗೆ ಒರಳು. ಅದನ್ನು ಅಲುಗಿಸಲಾಗದ್ದರಿಂದ ನಾನೇ ಸುತ್ತ ಸುತ್ತಿದೆ. ಟವೆಲ್ ಮರೆಯಾಗುವ ಒಂದು ಜಾಗ ಸಿಕ್ಕಿತು. ಕ್ಯಾಮರಾ ಅಲುಗದಿರಲೆಂದು ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟೆ. ತಂಗಿಯ ಮಗಳು ಬಿಳಿ ಪಂಚೆ ಹರವಿ ನೆರಳಿನ ಕಡೆಗೆ ಒಂದಿಷ್ಟು ಬೆಳಕು ತಿರುಗಿಸಿದಳು. “ದೊಡ್ಡಮ್ಮ, ಕೈ ನೋಯ್ತದೆ, ಬೇಗ” ಎನ್ನುತ್ತಲೇ ಇದ್ದಳು. ಬೆಳಕು ಒಂದು ಮೆಟ್ಟಿಲು ತಗ್ಗಿಸಿದೆ. ಚಿತ್ರದಲ್ಲಿ ಗುಳಿಯ ಅರ್ಧ ಕತ್ತಲು, ಅರ್ಧ ಬೆಳಕು. ಅವ್ವ ಕೂರುತ್ತಿದ್ದ ಕಡೆಯ ಅಂಚು ಸವೆದು ತಗ್ಗಾದದ್ದು ಎದ್ದು ಕಾಣುತ್ತದೆ. ಗುಂಡುಕಲ್ಲಿನ ಬುಡಕ್ಕೆ ಒಣಗಿದ ಹಿಟ್ಟು ಅಂಟಿದೆ. ಅದನ್ನು ತೊಳೆಯದೆ ಬಿಟ್ಟದ್ದೊಂದೇ ನನ್ನ ಜಾಣತನ. ಬಲಮೂಲೆಯಲ್ಲಿ ಪಂಚೆಯ ತುದಿ ಇಣುಕಿದೆ, ತಪ್ಪು. ಕತ್ತರಿಸಬಹುದು, ಕತ್ತರಿಸಿಲ್ಲ.

ಹಂಡೆ ಅಕ್ಕನ ಪಾಲಾಯಿತು, ಕೊಳಗ ತಂಗಿಗೆ. ಒರಳು ಭಾರವೆಂದು ಯಾರೂ ಒಯ್ಯಲಿಲ್ಲ. ಈಗ ಅದರಲ್ಲಿ ಮಳೆನೀರು ನಿಂತಿದೆ ಎಂದು ಅಣ್ಣ ಹೇಳಿದ. ನೀರಿನಲ್ಲಿ ಆಕಾಶ ಬೆಳಗುತ್ತದೆ, ಸುತ್ತ ಕರಿಕಲ್ಲು. ಬೆಳಕನ್ನು ಯಾವುದಕ್ಕೆ ಅಳೆಯಬೇಕೋ ಈ ಭಾನುವಾರ ಹೋಗಿ ನೋಡಬೇಕು.