ಮೊದಲು ಡಿಗ್ರಿ, ಆಮೇಲೆ ಕಾರ್ಖಾನೆ?

"ಮೊದಲ ಡಿಗ್ರಿ ಮುಗಸಪಾ, ಕೆಲಸ ಎಲ್ಲಿ ಓಡಿ ಹೊಕ್ಕೈತಿ?" ಚಿಕ್ಕೋಡಿ, ರಾಯಬಾಗ ಕಡೆ ಬಿ.ಎಸ್ಸಿ. ಓದುವ ಹುಡುಗ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಅಪ್ರೆಂಟಿಸ್ ಆಗಿ ಹೋಗುತ್ತೇನೆ ಅಂದರೆ ಅಪ್ಪನ ಬಾಯಿಂದ ಬರುವ ಮಾತು ಇದೇ. ಮಾಸ್ತರರದೂ ಬೇರೆಯಲ್ಲ. ದುಡಿಯುತ್ತ ಓದಿದರೆ ಎರಡೂ ಕೆಡುತ್ತವೆ, ಕೈಗೆ ನಾಲ್ಕು ಕಾಸು ಬಂದರೆ ಪುಸ್ತಕ ಮೂಲೆ ಸೇರುತ್ತದೆ ಎನ್ನುತ್ತಾರೆ. ವಿಜ್ಞಾನದ ಮಟ್ಟಿಗೆ ಈ ಮಾತು ತಲೆಕೆಳಗಾಗಿದೆ ಎಂಬುದು ನನ್ನ ವಾದ.

ನಾವು ಓದುವಾಗ ಪ್ರ್ಯಾಕ್ಟಿಕಲ್ ಅಂದರೆ ಜರ್ನಲ್ ತುಂಬಿಸುವುದಾಗಿತ್ತು. ಟೈಟ್ರೇಶನ್ನಿನಲ್ಲಿ ಮೂರು ಸಲವೂ ರೀಡಿಂಗ್ 10.2, ಬರದಿದ್ದರೆ ಬರಿಸುವುದು. ಸೀನಿಯರ್‌ಗಳ ಹಳೆಯ ಜರ್ನಲ್ ಇರುವುದೇ ಅದಕ್ಕೆ. ಉತ್ತರ ಮೊದಲೇ ಗೊತ್ತಿರುತ್ತದೆ, ಪ್ರಯೋಗ ಅದಕ್ಕೆ ಹೊಂದಿಕೊಳ್ಳುತ್ತದೆ. ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ.

ಹಂಗಾಮಿನಲ್ಲಿ ಕಾರ್ಖಾನೆಯ ಲ್ಯಾಬ್ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ. ಮಿಲ್ಲಿನಿಂದ ಬಂದ ರಸವನ್ನು ಉದ್ದನೆಯ ಜಾರಿಗೆ ಸುರಿದು, ನೊರೆ ಇಳಿದು ಗಾಳಿ ಹೋಗುವತನಕ ಕಾಯಬೇಕು. ಅವಸರಪಟ್ಟು, ರಸದಲ್ಲಿ ಕರಗಿದ ಘನಾಂಶ ಅಳೆಯುವ ಬ್ರಿಕ್ಸ್ ಸ್ಪಿಂಡಲ್ ಬಿಟ್ಟರೆ ಅದು ಹೆಚ್ಚು ಮುಳುಗಿ ಕಡಿಮೆ ತೋರಿಸುತ್ತದೆ. ರಸ ಬೆಚ್ಚಗಿದ್ದರೂ ಅದೇ ಕಥೆ. ಉಷ್ಣಾಂಶ ನೋಡಿ ತಿದ್ದುಪಡಿ ಹಾಕಬೇಕು. ಆಮೇಲೆ ರಸವನ್ನು ತಿಳಿಗೊಳಿಸಿ, ಸೋಸಿ, ಪೋಲಾರಿಮೀಟರಿನ ಕೊಳವೆಗೆ ತುಂಬಿ ಪೋಲ್, ಅಂದರೆ ಸಕ್ಕರೆಯ ಅಂಶ, ನೋಡುವುದು. (ತಿಳಿಗೊಳಿಸಲು ಸೀಸದ ಲವಣ ಬಳಸುವ ಹಳೆಯ ಪದ್ಧತಿ ಇರುವಲ್ಲಿ ಕೈ ತೊಳೆಯದೆ ಚುರಮುರಿ ತಿನ್ನಬಾರದು; ಇದನ್ನು ಯಾವ ಜರ್ನಲ್ಲಿನಲ್ಲೂ ನಾನು ಓದಲಿಲ್ಲ.) ಬ್ರಿಕ್ಸ್ 20, ಪೋಲ್ 17 ಬಂದರೆ ಶುದ್ಧತೆ ಶೇ 85. ಶಿಫ್ಟಿನ ತುಂಬ ಇದೇ ಕೆಲಸ, ಬೇಸರದ್ದೇ. ಆದರೆ ಅಂಕಿ ಒಮ್ಮೆಲೇ ಇಳಿದರೆ ಕೆಮಿಸ್ಟ್ ಬಂದು ಕೇಳುತ್ತಾನೆ: "ಸ್ಯಾಂಪಲ್ ಹಳೇದೈತೋ, ಕಬ್ಬ ಹಳೇದೈತೋ?" ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ.

ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುವ ಇನ್ವರ್ಷನ್ ಕಾಲೇಜಿನಲ್ಲಿ ಐದು ಅಂಕದ ಪ್ರಶ್ನೆ. ಕಡಿದ ಕಬ್ಬು ಹೇರಿಕೊಂಡು ಎರಡು ದಿನ ಪಾಳಿಗೆ ನಿಂತ ಟ್ರ್ಯಾಕ್ಟರಿನಲ್ಲಿ ಅದೇ ಕ್ರಿಯೆ ಬಿಸಿಲಿಗೆ ನಡೆದಿರುತ್ತದೆ. ರೈತನಿಗೆ ತೂಕ ಹೋಯಿತು, ಕಾರ್ಖಾನೆಗೆ ಪೋಲ್ ಹೋಯಿತು. ಅಪ್ಪನ ಟ್ರ್ಯಾಕ್ಟರೂ ಆ ಸಾಲಿನಲ್ಲಿದ್ದರೆ ಹುಡುಗನಿಗೆ ಪಾಠ ಬೇಗ ತಲೆಗೆ ಹತ್ತುತ್ತದೆ.

ನಮ್ಮ ಕಟ್ಟೆಗಳ ಮೇಲೆ 'ರಿಕವರಿ ಕದೀತಾರ' ಎಂಬ ಅನುಮಾನ ಹಳೆಯದು. ರಿಕವರಿ ಅಂದರೆ ಕಬ್ಬಿನ ತೂಕದಲ್ಲಿ ಕೈಗೆ ಬಂದ ಸಕ್ಕರೆಯ ಶೇಕಡಾ ಪಾಲು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ನೂರು ಟನ್ ಕಳಿಸುವ ಮನೆಗೆ ಆ ಒಂದು ದಶಾಂಶವೆಂದರೆ 3,460 ರೂಪಾಯಿ. ಬರಬೇಕಾದ ಸಕ್ಕರೆ ಬಗ್ಯಾಸಿನಲ್ಲಿ ಹೋಯಿತೋ, ಪ್ರೆಸ್‌ಮಡ್ಡಿನಲ್ಲೋ, ಕಾಕಂಬಿಯಲ್ಲೋ ಎಂದು ಹೇಳಬೇಕಾದದ್ದು ಲ್ಯಾಬ್. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ರೈತರು ಕಡಿಯುವ, ಸಾಗಿಸುವ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿ ಗುರ್ಲಾಪುರದಲ್ಲಿ ಧರಣಿ ಕೂತರು, 3,300ಕ್ಕೆ ಎದ್ದರು. ದರದ ಜಗಳ ಬೀದಿಯಲ್ಲಿ ಸರಿ. ಆದರೆ ರಿಕವರಿಯ ಜಗಳಕ್ಕೆ ಲ್ಯಾಬಿನ ಲೆಕ್ಕ ಓದಬಲ್ಲವರು ಊರಲ್ಲಿ ಬೇಕು. ಉಗಾರ ಶುಗರ್ ವರ್ಕ್ಸ್ ಹುಟ್ಟಿದ್ದೇ 1939ರಲ್ಲಿ. ಇಷ್ಟು ವರ್ಷ ಸಕ್ಕರೆಯ ಜೊತೆ ಬಾಳಿದ ಸೀಮೆಯಲ್ಲಿ ಪೋಲ್ ಅಂದರೇನೆಂದು ಮನೆಮನೆಗೆ ಗೊತ್ತಿರಬೇಕಿತ್ತು.

ಅಪ್ರೆಂಟಿಸ್ ಅಂದರೆ ಅಗ್ಗದ ಆಳು ಎಂಬ ದೂರು ಸುಳ್ಳಲ್ಲ. ಬಾಟಲಿ ತೊಳೆಸಿ, ಚಹಾ ತರಿಸಿ ವರ್ಷ ಕಳೆಸಿದ ಕಡೆಗಳನ್ನು ಬಲ್ಲೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಶೇ 2.5ರಷ್ಟಾದರೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗೆ ತೆಗೆದುಕೊಂಡವರಿಗೆ ಪೋಲಾರಿಮೀಟರ್ ಮುಟ್ಟಲು ಬಿಟ್ಟರೋ ಇಲ್ಲವೋ ಎಂದು ಕಾಲೇಜು ಹೋಗಿ ನೋಡಬೇಕು.

ಹುಡುಗಿಯರ ಮಾತಂತೂ ಯಾರೂ ಎತ್ತುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಶಿಫ್ಟ್ ಬಿಟ್ಟರೆ ನಿಪ್ಪಾಣಿಯ ಹಳ್ಳಿಗೆ ಮರಳಲು ಬಸ್ ಯಾವುದು? ಅವರಿಗೆ ಹಗಲು ಪಾಳಿಯೇ ಇರಲಿ.

ನಿಜವಾದ ತೊಡಕು ಬೇರೆ. ಕಬ್ಬು ನುರಿಸುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಸೆಮಿಸ್ಟರ್ ಪರೀಕ್ಷೆ ಬಂದು ಬೀಳುವುದೂ ಅದರ ನಡುವೆಯೇ. ಅದಕ್ಕೇ ಹುಡುಗ ಒಂದನ್ನು ಬಿಡುತ್ತಾನೆ, ಆಗ ನಾವು 'ನೋಡ್ರಿ, ಹೇಳಿದ್ದಿಲ್ಲೇನು?' ಅನ್ನುತ್ತೇವೆ. ಅಪ್ರೆಂಟಿಸ್‌ಶಿಪ್ ಅಡಕವಾದ ಪದವಿಗೆ ಯುಜಿಸಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೊನೆಯ ವರ್ಷದ ಥಿಯರಿಯನ್ನು ಅಕ್ಟೋಬರ್‌ನೊಳಗೆ ಮುಗಿಸಿ, ಹಂಗಾಮಿನ ತಿಂಗಳುಗಳನ್ನು ಲ್ಯಾಬಿಗೆ ಬಿಟ್ಟು ಅದಕ್ಕೆ ಅಂಕ ಕೊಡಲಿ. ಅಂಕ ಹಾಕಲು ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯವರನ್ನು ಕರೆಯಬಹುದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವೇಳಾಪಟ್ಟಿ ಬರೆಯುವವರು ಮುಂದಿನ ಸಲ ಪಕ್ಕದಲ್ಲಿ ಕಾರ್ಖಾನೆಯ ಕ್ಯಾಲೆಂಡರನ್ನೂ ಇಟ್ಟುಕೊಂಡು ಕೂರಲಿ.