ಹೆಸರುಗಳ ಗೋಚರತೆ: ಒಂದು ಗ್ರಾಮಸೂಚಿಯ ನಿಮಿತ್ತವಾಗಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ಬೀಳಗಿಯು ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಜೋಡಿನಗರವೆನಿಸಿರುವ ಊರುಗಳಲ್ಲಿ ರಬಕವಿಯು ಸಾಂಗಲಿಗೂ ಬನಹಟ್ಟಿಯು ಜಮಖಂಡಿಗೂ ಸೇರಿದ್ದವು. 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅವುಗಳ ದಫ್ತರಗಳು ಬೇರೆಬೇರೆ. ಒಂದು ದಫ್ತರದೊಳಗೆ ಸಂದೇಹಕ್ಕೆ ಎಡೆಗೊಡದ ಗ್ರಾಮನಾಮವು, ಎಲ್ಲ ಪಟ್ಟಿಗಳನ್ನೂ ಕೂಡಿಸಿದೊಡನೆ ಸಂದಿಗ್ಧವಾಗುತ್ತದೆ.

ಇಂಥ ಪಟ್ಟಿಗಳನ್ನು ಒಗ್ಗೂಡಿಸುವ ಮೊಬೈಲ್ ಆ್ಯಪ್ ಒಂದನ್ನು ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಿದಾಗ, ಕಾಗದದ ಮೇಲಿನ ಅದೇ ತೊಡಕು ಯಂತ್ರದೊಳಗೂ ತಲೆದೋರಿತು. ಇತಿಹಾಸದ ಅಭ್ಯಾಸಿಗಳಾದ ನಾವು ಈ ವಿಷಯವನ್ನು ಕೈಗೆತ್ತಿಕೊಂಡುದಕ್ಕೆ ಅದೇ ಕಾರಣ.

ಆ್ಯಪಿನ ಮುಖ್ಯ ನೇಟಿವ್ ಲೈಬ್ರರಿಯು ಬೇರೆ ಎರಡನ್ನು ಅವಲಂಬಿಸಿತ್ತು: ಒಂದು ಗ್ರಾಮಸೂಚಿಯನ್ನು ಓದತಕ್ಕದ್ದು, ಇನ್ನೊಂದು ನಕಾಶೆಯನ್ನು ತೆರೆಯತಕ್ಕದ್ದು. ಎರಡರ ಹೊಟ್ಟೆಯಲ್ಲಿಯೂ ಎಸ್‌ಕ್ಯೂಲೈಟ್ ಎಂಬ ದತ್ತಸಂಗ್ರಹ ವ್ಯವಸ್ಥೆಯ ಒಂದೊಂದು ಪ್ರತಿಯಿತ್ತು. ಆದರೆ ಆವೃತ್ತಿಗಳು ಬೇರೆ. ಲೈಬ್ರರಿಯೊಳಗಿನ ಪ್ರತಿಯೊಂದು ಕ್ರಿಯೆಗೂ ಇರುವ ಹೆಸರಿಗೆ ಸಿಂಬಲ್ ಎನ್ನುತ್ತಾರೆ. ಆ್ಯಪ್ ಆರಂಭವಾಗುವಾಗ ಲಿಂಕರ್ ಎಂಬ ವ್ಯವಸ್ಥೆಯು ಬೇಕಾದ ಹೆಸರನ್ನು ಲೈಬ್ರರಿಗಳಲ್ಲಿ ಒಂದಾದ ಮೇಲೊಂದರಂತೆ ಹುಡುಕಿ, ಮೊದಲು ಸಿಕ್ಕಿದ್ದನ್ನೇ ಜೋಡಿಸುತ್ತದೆ. ಹೀಗಾಗಿ ನಕಾಶೆಯ ಲೈಬ್ರರಿಯು ತನ್ನ ಸ್ವಂತ ಕ್ರಿಯೆಯನ್ನು ಕರೆದರೂ ಓಗೊಟ್ಟದ್ದು ನೆರೆಯದು. ಹೊಸ ಆವೃತ್ತಿಯಲ್ಲಿ ಮಾತ್ರ ಇದ್ದ ಕ್ರಿಯೆಗಳು ಅಲ್ಲಿಂದಲೂ ಉಳಿದವು ಇಲ್ಲಿಂದಲೂ ಬಂದು, ಒಂದರ ಮೆಮೊರಿ ರಚನೆಯನ್ನು ಇನ್ನೊಂದು ತನ್ನದೆಂದು ಓದಿತು. ನಕಾಶೆ ತೆರೆದೊಡನೆ ಆ್ಯಪ್ ನಿಂತುಹೋಗುತ್ತಿತ್ತು.

ದೋಷವು ಹೆಸರುಗಳು ಒಂದೇ ಆಗಿದ್ದುದರಲ್ಲಿ ಇಲ್ಲ. ಹೊರಗಿನವರಿಗೆ ಬೇಡವಾದ ಹೆಸರುಗಳನ್ನು ಹೊರಗೆ ಕಾಣಗೊಟ್ಟುದರಲ್ಲಿದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಹೇಳಿದ ಹೊರತು ಹೆಸರು ಹೊರಗೆ ಕಾಣದು. ಆಂಡ್ರಾಯ್ಡ್ ಅನುಸರಿಸುವ ಯುನಿಕ್ಸ್ ಸಂಪ್ರದಾಯದಲ್ಲಾದರೋ ಮರೆಮಾಡೆಂದು ಹೇಳಿದ ಹೊರತು ಎಲ್ಲವೂ ಬಯಲು. 2005ರಲ್ಲಿ ಬಂದ ಜಿಸಿಸಿ 4.0 ಕಂಪೈಲರ್ ‘ಎಫ್‌ವಿಸಿಬಿಲಿಟಿ=ಹಿಡನ್’ ಎಂಬ ಸೂಚನೆಯಿಂದ ಈ ರೂಢಿಯನ್ನು ತಿರುಗಿಸಲು ಅವಕಾಶ ಕೊಟ್ಟಿತು. ಇಂದಿನ ಪಾಠಟಿಪ್ಪಣಿಗಳು ಈ ಒಂದು ಸಾಲನ್ನೇ ಸರ್ವರೋಗಕ್ಕೂ ಮದ್ದೆಂಬಂತೆ ಬೋಧಿಸುವುದುಂಟು. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಆ ಸೂಚನೆಯು ಕಂಪೈಲ್ ಆಗುತ್ತಿರುವ ಮೂಲಕ್ಕೆ ಮಾತ್ರ ಅನ್ವಯಿಸುತ್ತದೆ; ಮೊದಲೇ ಸಿದ್ಧವಾಗಿ ಬಂದ ಸ್ಟ್ಯಾಟಿಕ್ ಲೈಬ್ರರಿಯನ್ನು ಅದು ಮುಟ್ಟಲಾರದು. ನಮ್ಮ ವಿದ್ಯಾರ್ಥಿಗಳಿಗೆ ಎಸ್‌ಕ್ಯೂಲೈಟ್ ದೊರೆತದ್ದು ಸಿದ್ಧರೂಪದಲ್ಲಿ. ಅದಕಾರಣ ಸೂಚನೆ ಕೊಟ್ಟ ಬಳಿಕವೂ ಹೆಸರುಗಳು ಬಯಲಾಗಿಯೇ ಉಳಿದವು. ‘ಎನ್‌ಎಂ’ ಎಂಬ ಸಾಧನದಿಂದ ಹೊರಗೆ ಕಾಣುವ ಹೆಸರುಗಳನ್ನು ಪಟ್ಟಿಮಾಡಿಸಿದಾಗಲೇ ಅದು ಗೊತ್ತಾದದ್ದು. ಮೂಲದಾಖಲೆಯನ್ನು ನೋಡದೆ ನಿರ್ಣಯಕ್ಕೆ ಬರಬಾರದೆಂಬ ನಮ್ಮ ಶಾಸ್ತ್ರದ ನಿಯಮ ಇಲ್ಲಿಯೂ ಸಲ್ಲುತ್ತದೆ.

ತಕ್ಕ ಉಪಾಯವೆಂದರೆ ಲಿಂಕರ್‌ಗೆ ‘ವರ್ಷನ್ ಸ್ಕ್ರಿಪ್ಟ್’ ಎಂಬ ಪುಟ್ಟ ಕಡತವನ್ನು ಕೊಡುವುದು. ಹೊರಗೆ ಕಾಣತಕ್ಕ ಹೆಸರುಗಳನ್ನು ಅದರಲ್ಲಿ ‘ಗ್ಲೋಬಲ್’ ಎಂಬಲ್ಲಿ ಬರೆದು, ಉಳಿದುದೆಲ್ಲವನ್ನೂ ‘ಲೋಕಲ್’ ಎಂಬಲ್ಲಿ ಒಂದು ನಕ್ಷತ್ರಚಿಹ್ನೆಯಿಂದ ಮುಚ್ಚಬಹುದು. ಆದರೆ ಅತಿಯಾಗಿ ಮುಚ್ಚುವುದೂ ದೋಷವೇ. ಜಾವಾ ಭಾಗವು ಹೆಸರಿನಿಂದಲೇ ಹುಡುಕುವ ಕ್ರಿಯೆಗಳನ್ನು ಮರೆಮಾಡಿದರೆ ಅವನ್ನು ಕರೆದಾಗ ಆ್ಯಪ್ ಮುಗ್ಗರಿಸುತ್ತದೆ. ಕ್ರಿಯೆಗಳನ್ನು ‘ರಿಜಿಸ್ಟರ್‌ನೇಟಿವ್ಸ್’ ಮೂಲಕ ನೋಂದಾಯಿಸಿದಲ್ಲಿ, ಜಾವಾ ಭಾಗದ ಮಟ್ಟಿಗೆ ‘ಜೆಎನ್‌ಐ_ಆನ್‌ಲೋಡ್’ ಎಂಬ ಒಂದೇ ಹೆಸರು ಹೊರಗಿದ್ದರೆ ಸಾಕು.

ಇದು ನಮ್ಮ ಆ್ಯಪಿಗೆ ಮಾತ್ರ ಸೀಮಿತವಾದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಕನ್ನಡದ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಕಾರ್ಯವನ್ನೂ ನಿರ್ವಹಿಸುವ ಐಸಿಯು ಎಂಬ ಲೈಬ್ರರಿಯ ವೃತ್ತಾಂತವನ್ನು ನೋಡಿರಿ. ಆಂಡ್ರಾಯ್ಡ್ ಅದನ್ನು ತನ್ನ ಸ್ವಂತ ಉಪಯೋಗಕ್ಕಾಗಿ ಇರಿಸಿಕೊಂಡಿತ್ತು. ಅದರ ಕ್ರಿಯೆಗಳ ಹೆಸರಿನ ಕೊನೆಗೆ ಆವೃತ್ತಿಯ ಅಂಕಿಯೂ ಸೇರಿರುತ್ತಿತ್ತು. ಹೆಸರು ಕಂಡಿತೆಂಬ ಮಾತ್ರಕ್ಕೆ ನೇರವಾಗಿ ಅದನ್ನು ಅವಲಂಬಿಸಿದ ಆ್ಯಪ್‌ಗಳು, ಆವೃತ್ತಿ ಬದಲಾಗಿ ಅಂಕಿ ಬದಲಾದೊಡನೆ ಆಧಾರ ಕಳೆದುಕೊಳ್ಳುತ್ತಿದ್ದವು. 2016ರ ಆಂಡ್ರಾಯ್ಡ್ 7.0 ಇಂಥ ಆಂತರಿಕ ಲೈಬ್ರರಿಗಳ ಬಳಕೆಗೆ ತಡೆಯೊಡ್ಡಿತು. 2021ರ ಆಂಡ್ರಾಯ್ಡ್ 12ರಲ್ಲಿ ಐಸಿಯುವಿನ ಆಯ್ದ ಕ್ರಿಯೆಗಳು, ಆವೃತ್ತಿಯ ಅಂಕಿಯಿಲ್ಲದ ಸ್ಥಿರ ಹೆಸರುಗಳಲ್ಲಿ, ಎಲ್ಲರಿಗೂ ದೊರೆತವು. ಕಾಣಿಸಿದ ಹೆಸರು ಒಂದು ವಾಗ್ದಾನ. ಕೊಡುವ ಮೊದಲು ಯೋಚಿಸಬೇಕು, ಕೊಟ್ಟ ಮೇಲೆ ನಡೆಸಬೇಕು ಎಂಬುದೇ ಈ ವೃತ್ತಾಂತದ ಸಾರ.

ಮರೆಮಾಡುವುದೆಂದರೆ ಗುಟ್ಟು ಕಾಯುವುದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಲೈಬ್ರರಿಯನ್ನು ಬಿಚ್ಚಿ ಪರಿಶೀಲಿಸುವವರಿಗೆ ಒಳಗಿನ ಕ್ರಿಯೆಗಳು ದೊರೆತೇ ದೊರೆಯುತ್ತವೆ. ಗೋಚರತೆಯ ನಿಯಮವು ಹೊಣೆಯ ಎಲ್ಲೆಯನ್ನು ಗುರುತಿಸುತ್ತದೆ, ಅಷ್ಟೆ. ನಮ್ಮ ಗ್ರಾಮಸೂಚಿಯಲ್ಲಿ ಪ್ರತಿಯೊಂದು ಊರಿನ ಮುಂದೆಯೂ ಅದರ ಹಳೆಯ ಸಂಸ್ಥಾನ ಅಥವಾ ಜಿಲ್ಲೆಯ ಹೆಸರನ್ನು ನಮೂದಿಸಿ ಒಂದು ತೊಡಕನ್ನು ಬಿಡಿಸಿದೆವು. ಲೈಬ್ರರಿಗಳ ಒಳಹೆಸರುಗಳನ್ನು ಒಳಗೇ ಇರಿಸಿ ಎರಡನೆಯದನ್ನು ಬಿಡಿಸಿದೆವು. ಗಣಕಶಾಸ್ತ್ರವನ್ನು ಬೋಧಿಸುವ ನಮ್ಮ ಸಹೋದ್ಯೋಗಿಗಳು ಒಂದು ಸಾಲಿನ ಸೂಚನೆಯನ್ನು ಬಾಯಿಪಾಠ ಮಾಡಿಸುವುದರ ಬದಲು, ಹೊರಗೆ ಕಾಣುವ ಹೆಸರುಗಳ ಪಟ್ಟಿಯನ್ನು ತೆಗೆಸಿ, ಪ್ರತಿಯೊಂದೂ ಏಕೆ ಹೊರಗಿದೆಯೆಂದು ವಿದ್ಯಾರ್ಥಿಗಳಿಂದ ಉತ್ತರ ಪಡೆಯಬೇಕೆಂದು ನಮ್ಮ ಸೂಚನೆ.